ಕೋಲಾರದ ಚಿನ್ನದ ಗಣಿಗಳಲ್ಲಿ ‘ಕಳ್ಳ’ನ ದಾಖಲೆ: ಒಂದು ವಿಮರ್ಶೆ

ಕೋಲಾರದ ಚಿನ್ನದ ಗಣಿಗಳನ್ನು ಕುರಿತ ಬರಹಗಳಲ್ಲಿ ಚಿನ್ನದ ಕಳವಿನ ಪ್ರಸ್ತಾಪವಿಲ್ಲದುದು ಅಪರೂಪ. ಆದರೆ ಆ ಕಥೆಯು ಬಹುಮಟ್ಟಿಗೆ ಕಳ್ಳನು ಸಿಕ್ಕಿಬಿದ್ದಲ್ಲಿಗೆ ಮುಗಿದುಹೋಗುತ್ತದೆ. ಸೆರೆಯಿಂದ ಹೊರಬಂದವನು ಅನಂತರ ಎಲ್ಲಿ ದುಡಿದನು, ಯಾವ ಸೂರಿನಡಿಯಲ್ಲಿ ಮಲಗಿದನು ಎಂಬುದನ್ನು ಇತಿಹಾಸದ ಅಧ್ಯಾಪಕರಾದ ನಾವು ಕೇಳಿದ್ದು ಕಡಮೆ.

ಈ ವಿಷಯದಲ್ಲಿ ದಾರಿ ತೋರಿಸಿದುದು ಜಾನಕಿ ನಾಯರ್ ಅವರು 1997ರಲ್ಲಿ ‘ಸ್ಟಡೀಸ್ ಇನ್ ಹಿಸ್ಟರಿ’ ಪತ್ರಿಕೆಯಲ್ಲಿ ಪ್ರಕಟಿಸಿದ, 1890ರಿಂದ 1946ರವರೆಗಿನ ಕಾಲವನ್ನು ಕುರಿತ ಲೇಖನ. ಅದರ ಶೀರ್ಷಿಕೆಯಲ್ಲಿ ಅಪರಾಧ, ದುಡಿಮೆ, ಶಿಕ್ಷೆ ಎಂಬ ಮೂರು ಪದಗಳು ಜೊತೆಯಾಗಿ ನಿಂತಿವೆ. ಈ ಮೂರನ್ನು ಒಟ್ಟಿಗೆ ಓದಬೇಕೆಂದು ಕಲಿಸಿದುದೇ ದೊಡ್ಡ ಉಪಕಾರ. ಇವುಗಳಿಗೆ ‘ಮನೆ’ ಎಂಬ ನಾಲ್ಕನೆಯ ಪದವನ್ನು ಸೇರಿಸಿ ನೋಡಬೇಕೆಂಬುದು ನನ್ನ ಸೂಚನೆ.

ಗಣಿಗಳು ಹಲವಾದರೂ ಅವುಗಳ ಆಡಳಿತ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಒಂದೇ ಸಂಸ್ಥೆಯ ಕೈಯಲ್ಲಿತ್ತು. ತಮಿಳು ಜಿಲ್ಲೆಗಳಿಂದ ಬಂದ ಕೂಲಿಗಳು, ಅವರಲ್ಲಿ ಹೆಚ್ಚಿನವರು ಅಸ್ಪೃಶ್ಯರೆನಿಸಿದ್ದವರು, ಕಂಪನಿಯ ಲೈನುಗಳಲ್ಲಿನ ತಟ್ಟಿಯ ಗುಡಿಸಲುಗಳಲ್ಲಿ ವಾಸವಾಗಿದ್ದರು. ಬೇರೆಡೆ ಕೆಲಸ ಹೋದವನಿಗೆ ಮನೆಯಾದರೂ ಉಳಿಯುತ್ತದೆ. ಲೈನಿನವನಿಗೆ ಎರಡೂ ಒಂದೇ ಹಗ್ಗದ ಗಂಟುಗಳು. ಅದರ ಮೇಲೆ 1897ರ ಮೈಸೂರು ಗಣಿ ರೆಗ್ಯುಲೇಷನ್ ಬಂದಿತು. ಚಿನ್ನದ ಅದಿರು ಕೈಯಲ್ಲಿ ಸಿಕ್ಕಿದವನು ತಾನೇ ತನ್ನ ನಿರಪರಾಧವನ್ನು ತೋರಿಸಿಕೊಳ್ಳಬೇಕಾಯಿತು.

1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಏರ್ಪಾಡು ಬಂದಾಗ ಅವರು ಮುಷ್ಕರ ಹೂಡಿದರು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನನಗಾದರೋ ಅವರು ವಿಷಯವನ್ನು ಚೆನ್ನಾಗಿಯೇ ತಿಳಿದಿದ್ದರೆಂದು ತೋರುತ್ತದೆ. ಒಂದು ಗಣಿಯಿಂದ ಹೊರಬಿದ್ದವನು ಬೇರೊಂದು ಹೆಸರಿನಲ್ಲಿ ಇನ್ನೊಂದು ಗಣಿ ಸೇರಬಹುದು. ಬೆರಳಿಗೆ ಬೇರೆ ಹೆಸರಿಡುವಂತಿಲ್ಲ.

ಹೀಗೆಂದ ಮಾತ್ರಕ್ಕೆ ಕಳವನ್ನೆಲ್ಲ ಪ್ರತಿಭಟನೆಯೆಂದು ಬಣ್ಣಿಸಬೇಕೆಂದಲ್ಲ. ಕದ್ದವರು ಇದ್ದರು, ಕದ್ದುದನ್ನು ಕೊಂಡು ಗೌರವಸ್ಥರಾಗಿ ಬಾಳಿದವರೂ ಇದ್ದಿರಬೇಕು. ನನ್ನ ಆಕ್ಷೇಪವಿರುವುದು ಪೊಲೀಸ್ ರಿಜಿಸ್ಟರನ್ನು ಮನುಷ್ಯನ ಸ್ವಭಾವದ ವರ್ಣನೆಯೆಂದು ಓದುವ ಅಭ್ಯಾಸಕ್ಕೆ. ಅದು ಒಂದು ದಿನದ ಘಟನೆಯ ಬರಹ. ಅದನ್ನು ಆಯುಷ್ಯಪೂರ್ತಿ ಲಾಗುಮಾಡಿದವರು ಕೆಲಸ ಕೊಡುವವರು, ಮನೆ ಕೊಡುವವರು.

ಗಣಿಗಳು 1956ರಲ್ಲಿ ಸರ್ಕಾರದ ವಶವಾದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಇಂದು ಆಂಡರ್ಸನ್‌ಪೇಟೆಯ ಯುವಕನು ಕೂಲಿಗಾಗಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಕಾವಲುಗಾರನ ಕೆಲಸಕ್ಕೂ ಪೊಲೀಸರ ಪರಿಶೀಲನಾ ಪತ್ರವನ್ನು ಕೇಳುತ್ತಾರೆ. ಅಪರಾಧಿಗಳ ಪ್ರೊಬೇಷನ್ ಕಾಯಿದೆ, 1958ರ 12ನೆಯ ಪ್ರಕರಣದಂತೆ, ಶಿಕ್ಷೆಗೆ ಬದಲಾಗಿ ಆ ಕಾಯಿದೆಯ ಮೇರೆಗೆ ಬಿಡುಗಡೆ ಹೊಂದಿದವನಿಗೆ ಅಪರಾಧ ನಿರ್ಣಯದಿಂದ ಬರುವ ಅನರ್ಹತೆ ತಟ್ಟದು. ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ, ಅಭ್ಯರ್ಥಿಯು ನಿಜವನ್ನೇ ತಿಳಿಸಬೇಕೆಂದಿತು; ಅಲ್ಪ ಅಪರಾಧವನ್ನು ಮರೆಮಾಚಿದ್ದರೂ ಅದನ್ನು ಮನ್ನಿಸಬಹುದೆಂದಿತು. ಆದರೆ ನಿಜ ಹೇಳಿದವನನ್ನು ನೇಮಿಸಿಕೊಳ್ಳಲೇಬೇಕೆಂಬ ಕಟ್ಟನ್ನು ವಿಧಿಸಲಿಲ್ಲ. ಇದೆಲ್ಲ ನೌಕರಿಯ ಮಾತು. ಬಾಡಿಗೆಗೆ ಕೋಣೆ ಕೊಡದ ಮನೆಯೊಡೆಯನು ಕಾರಣವನ್ನು ಹೇಳಬೇಕಾಗಿಯೇ ಇಲ್ಲ. ‘ಬೇರೆಯವರಿಗೆ ಮಾತು ಕೊಟ್ಟಾಗಿದೆ’ ಎಂದರೆ ಸಾಕು.

ಆ ಪೇಟೆಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬನು ಒಮ್ಮೆ, ತನ್ನ ತಾತ ಗಣಿಯ ಕೆಲಸದ ನಡುವೆ ‘ಎರಡು ವರ್ಷ ಮದರಾಸಿನಲ್ಲಿದ್ದರು’ ಎಂದು ಹೇಳಿದನು. ಮದರಾಸಿನಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದೆ. ‘ಅದನ್ನು ಮನೆಯಲ್ಲಿ ಕೇಳುವ ಹಾಗಿಲ್ಲ ಸಾರ್’ ಎಂದನು. ಹಿಂದಿರುಗಿದ ಮೇಲೆ ತಾತನಿಗೆ ಲೈನಿನ ಮನೆ ದೊರೆಯಲಿಲ್ಲವೆಂದೂ ಪೇಟೆಯಲ್ಲಿ ಭಾವಮೈದುನನ ಹೆಸರಿನಲ್ಲಿ ಕೋಣೆ ಹಿಡಿದರೆಂದೂ ಆಮೇಲೆ ತಿಳಿಯಿತು. ಯಾವ ದಫ್ತರದಲ್ಲಿಯೂ ಇಂಥ ಸಂಗತಿ ದೊರೆಯದು. ನಮ್ಮ ಎಂ.ಎ. ವಿದ್ಯಾರ್ಥಿಗಳು ಒಂದೆರಡು ಬೇಸಗೆಗಳಲ್ಲಿ ಇವುಗಳನ್ನು ಬರೆದುಕೊಳ್ಳಬಹುದು. ಆ ತಲೆಮಾರಿನವರು ಈಗ ಕೆಲವರೇ ಉಳಿದಿದ್ದಾರೆ.