ಆನೆ ದಾಟಿದ ಗಡಿ, ಸುದ್ದಿ ದಾಟದ ಗಡಿ

ಆನ್‌ಲೈನ್ ಮಾಧ್ಯಮ ಜನರಿಗೆ ದನಿ ಕೊಟ್ಟಿದೆ ಅನ್ನುವ ಮಾತು ಈ ಸಂಕಿರಣದಲ್ಲಿ ಹಲವು ಸಲ ಬಂತು. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ದನಿ ಯಾರಿಗೆ ಕೇಳಿಸಿತು, ಕೇಳಿಸಿಕೊಂಡವರು ಏನು ಮಾಡಿದರು ಅನ್ನೋದನ್ನೂ ನೋಡಬೇಕಲ್ಲ? ಒಂದೇ ಪ್ರಕರಣ ತೆಗೆದುಕೊಳ್ಳುತ್ತೇನೆ.

2024ರ ಫೆಬ್ರವರಿ 10ರಂದು ವಯನಾಡಿನ ಮಾನಂದವಾಡಿ ಬಳಿ ಆನೆಯೊಂದು ಮನೆಯಂಗಳಕ್ಕೆ ನುಗ್ಗಿ ಒಬ್ಬರನ್ನು ಕೊಂದಿತು. ಅದು ಕರ್ನಾಟಕದ ಅರಣ್ಯ ಇಲಾಖೆ ಬೇಲೂರಿನ ಕಡೆ ಹಿಡಿದು, ರೇಡಿಯೋ ಕಾಲರ್ ಹಾಕಿ, ಬಂಡೀಪುರದ ಕಾಡಿಗೆ ಬಿಟ್ಟಿದ್ದ ಆನೆ. ದಂತವಿಲ್ಲದ ಗಂಡಾದ್ದರಿಂದ ‘ಬೇಲೂರು ಮಖ್ನಾ’ ಎಂದು ಹೆಸರು. ಸಿಸಿಟಿವಿ ದೃಶ್ಯ ಎಲ್ಲರ ಮೊಬೈಲಿಗೂ ಬಂತು. ಆ ದೃಶ್ಯ ಇಲ್ಲದಿದ್ದರೆ ಈ ಸಾವು ಜಿಲ್ಲಾ ಪುಟದ ನಾಲ್ಕು ಸಾಲಿನಲ್ಲಿ ಮುಗಿದುಹೋಗ್ತಿತ್ತು. ಅಷ್ಟರಮಟ್ಟಿಗೆ ಮಾಧ್ಯಮಕ್ಕೆ ಸಲ್ಲಬೇಕಾದ್ದು ಸಲ್ಲಬೇಕು.

ಮುಂದೇನಾಯ್ತು ನೋಡಿ. ಮಲಯಾಳಂ ಚರ್ಚೆಯಲ್ಲಿ ಒಂದು ಗಟ್ಟಿ ಪ್ರಶ್ನೆ ಎದ್ದಿತ್ತು: ಕಾಲರ್‌ನ ಸಂಕೇತ ಕೇರಳದ ಸಿಬ್ಬಂದಿಗೆ ಸಕಾಲಕ್ಕೆ ಯಾಕೆ ಸಿಗಲಿಲ್ಲ? ಕನ್ನಡದ ಕಡೆ ಮಾತು ಬೇರೆ ದಾರಿ ಹಿಡಿಯಿತು. ಕರ್ನಾಟಕ ಸರ್ಕಾರ 15 ಲಕ್ಷ ರೂಪಾಯಿ ಪರಿಹಾರ ಘೋಷಿಸಿದ ಮೇಲೆ, ‘ನಮ್ಮ ತೆರಿಗೆ ಹಣ ಕೇರಳಕ್ಕೇಕೆ’ ಅನ್ನೋದೇ ವಿಷಯ. ರಾಹುಲ್ ಗಾಂಧಿ ಆಗ ವಯನಾಡಿನ ಸಂಸದರು. ಲೋಕಸಭಾ ಚುನಾವಣೆ ಹತ್ತಿರದಲ್ಲಿತ್ತು. ಕೊನೆಗೆ ಆ ಕುಟುಂಬವೇ ಹಣ ಬೇಡ ಎಂದಿತು. ಇಷ್ಟೆಲ್ಲ ಮಾತಿನ ನಡುವೆ ಸಂಕೇತದ ಪ್ರಶ್ನೆ ಕನ್ನಡದಲ್ಲಿ ಬದಿಗೆ ಸರಿಯಿತು. ಅದನ್ನು ಕೇಳಬೇಕಾಗಿದ್ದವರು ನಾವೇ, ಯಾಕೆಂದರೆ ಕಾಲರ್ ಹಾಕಿದ್ದು ನಮ್ಮ ಇಲಾಖೆ.

ಪುಲ್ಪಳ್ಳಿ ಕಡೆಯ ಕೊಳವಳ್ಳಿಯಂಥ ಗಡಿ ಊರಿನಲ್ಲಿ ನಿಂತು ಯೋಚಿಸಿ. ಕಾಡು ಎರಡೂ ರಾಜ್ಯಕ್ಕೆ ಹಬ್ಬಿದೆ, ಆನೆಗೆ ಗಡಿಕಲ್ಲು ಕಾಣಲ್ಲ. ಅಲ್ಲಿನವರಿಗೆ ಬೇಕಾದದ್ದು ಒಂದೇ ಮಾಹಿತಿ: ಆನೆ ಈಗ ಎಲ್ಲಿದೆ? ಬೆಂಗಳೂರಿನ ಟ್ರೆಂಡಾಗಲಿ ತಿರುವನಂತಪುರದ ಟ್ರೆಂಡಾಗಲಿ ಅದನ್ನು ಹೇಳಲಿಲ್ಲ. ಹಾಗಂತ ಮೊಬೈಲಿಗೆ ಇದು ಆಗದ ಕೆಲಸವೇನಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆಯ ಸುಳಿವನ್ನು ಎಸ್‌ಎಂಎಸ್ ಮೂಲಕ, ಕೆಂಪು ದೀಪದ ಮೂಲಕ ತೋಟದ ಕಾರ್ಮಿಕರಿಗೆ ತಿಳಿಸುವ ವ್ಯವಸ್ಥೆ ವರ್ಷಗಳಿಂದ ನಡೆದಿದೆ. ಆ ಸಂದೇಶ ಯಾವತ್ತೂ ವೈರಲ್ ಆಗಲ್ಲ. ಆದರೆ ಜೀವ ಉಳಿಸುತ್ತದೆ.

2024ರ ಮಾರ್ಚ್ 10ರಂದು ಕರ್ನಾಟಕ ಮತ್ತು ಕೇರಳ ಬಂಡೀಪುರದಲ್ಲಿ ಸೇರಿ ಮಾನವ–ವನ್ಯಜೀವಿ ಸಂಘರ್ಷದ ಬಗ್ಗೆ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದವು. ಸಾವಿಗೆ ಸಿಕ್ಕಷ್ಟು ಗಮನ ಈ ಒಪ್ಪಂದಕ್ಕೆ ಸಿಗಲಿಲ್ಲ. ಅದು ಜಾರಿಯಾಗ್ತಿದೆಯಾ ಅಂತ ತಿಂಗಳು ತಿಂಗಳು ವಿಚಾರಿಸೋದು ನಾಗರಿಕರ ಕೆಲಸ. ಆ ಕೆಲಸಕ್ಕೆ ಹ್ಯಾಷ್‌ಟ್ಯಾಗ್ ಸಾಲದು, ಎರಡೂ ಭಾಷೆ ಓದುವ ವರದಿಗಾರರು ಬೇಕು.

ನನ್ನ ತಕರಾರು ಇಷ್ಟೇ. ಆನ್‌ಲೈನ್ ಮಾಧ್ಯಮವನ್ನು ಅಳೆಯುವಾಗ ಎಷ್ಟು ಜನ ಮಾತಾಡಿದರು ಅಂತ ಎಣಿಸ್ತೀವಿ. ಯಾರಿಗೆ ಸಕಾಲಕ್ಕೆ ತಿಳಿಯಿತು, ಯಾವ ಕಚೇರಿ ಉತ್ತರ ಕೊಡಬೇಕಾಯ್ತು ಅನ್ನೋದನ್ನು ಎಣಿಸೋಣ. ಪ್ರಶ್ನೆಗಳಿದ್ದರೆ ಕೇಳಿ.