ಬಲೆಗೆ ಬಿದ್ದ ಕಲ್ಲಿನ ಸಾಕ್ಷ್ಯ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಕಡಲಡಿಯ ಜ್ವಾಲಾಮುಖಿ ಬೆಟ್ಟಗಳನ್ನೂ ಭೂವಿಜ್ಞಾನಿಗಳು ಬಹುಕಾಲ ಹೆಚ್ಚುಕಡಿಮೆ ಹೀಗೇ ಪರೀಕ್ಷಿಸಿದರು. ಅದರಿಂದ ಸಿಕ್ಕಿದ್ದೆಷ್ಟು, ತಪ್ಪಿದ್ದೆಷ್ಟು ಎನ್ನಲು ಪೆಸಿಫಿಕ್‌ನ ಹವಾಯಿ-ಎಂಪರರ್ ಬೆಟ್ಟಸಾಲಿನ ಕಥೆಯನ್ನೇ ನೋಡಬೇಕು.

ಆ ಅಗುಳನ್ನು ಎತ್ತುವ ಡ್ರೆಜ್ ಎಂಬ ಬಲೆ ಒರಟು ಸಾಧನ. ಉಕ್ಕಿನ ಬಾಯಿ, ಅದಕ್ಕೆ ಸರಪಳಿ ಹೆಣೆದ ಚೀಲ. ಕಿಲೋಮೀಟರುಗಟ್ಟಲೆ ಉಕ್ಕಿನ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಹಡಗು ಅದನ್ನು ಇಳಿಜಾರಿನ ಮೇಲೆ ಮೆಲ್ಲಗೆ ಎಳೆಯುತ್ತದೆ. ಹಗ್ಗ ತಟ್ಟನೆ ಬಿಗಿದರೆ ಬಾಯಿ ಏನನ್ನೋ ಕಚ್ಚಿದೆ ಎಂದರ್ಥ. ಮೇಲೆ ಬಂದ ಕಲ್ಲಿಗೆ ಮ್ಯಾಂಗನೀಸಿನ ಕಪ್ಪು ಸಿಪ್ಪೆ. ಅದರೊಳಗೆ ಉಪ್ಪುನೀರು ತಿಂದ ಕಂದು ಪದರ. ಗರಗಸದಲ್ಲಿ ಕೊಯ್ದರೆ, ಅದೃಷ್ಟವಿದ್ದರೆ, ನಡುವೆ ಒಂದಿಷ್ಟು ಬೂದುಬಣ್ಣದ ತಿರುಳು. ಉತ್ತರದ ಬೆಟ್ಟಗಳಲ್ಲಂತೂ ತೇಲುವ ಹಿಮಗಡ್ಡೆಗಳು ಹೊತ್ತು ತಂದು ಕೆಡವಿದ ಪರದೇಶಿ ಕಲ್ಲುಗಳೂ ಚೀಲ ಸೇರುತ್ತವೆ!

ಆ ತಿರುಳಿನಲ್ಲಿರುವ ಆರ್ಗಾನ್ ಅನಿಲವನ್ನು ಅಳೆದೇ ಬೆಟ್ಟದ ವಯಸ್ಸು ಹೇಳುವುದು. ಹವಾಯಿಯಿಂದ ದೂರ ಹೋದಷ್ಟೂ ಬೆಟ್ಟ ಹಳೆಯದು ಎಂಬ ತಿಳಿವು ಗಟ್ಟಿಯಾದುದರಲ್ಲಿ ಈ ಬಲೆಯ ಪಾಲು ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಬಲೆ ಕೆರೆಯುವುದು ಬೆಟ್ಟದ ತೊಗಟೆಯನ್ನು. ಅಲ್ಲಿರುವುದು ಎಷ್ಟೋ ವೇಳೆ ಕೊನೆಗಾಲದ ಲಾವಾ, ಅದರ ವಯಸ್ಸು ಬೆಟ್ಟದ್ದಕ್ಕಿಂತ ಕಡಿಮೆ. ಸಾಲು ಬಾಗುವ ತಿರುವಿಗೆ ಮೊದಲು 4.3 ಕೋಟಿ ವರ್ಷ ಎಂದಿದ್ದರು. 2006ರಲ್ಲಿ ಭೂವಿಜ್ಞಾನಿಗಳಾದ ಶಾರ್ಪ್ ಮತ್ತು ಕ್ಲೇಗ್ ಅದು ಸುಮಾರು 5 ಕೋಟಿ ವರ್ಷಗಳ ಹಿಂದೆಯೇ ಶುರುವಾಯಿತೆಂದು ತೋರಿಸಿದರು.

ಇನ್ನೂ ದೊಡ್ಡ ಕೊರತೆ ಬೇರೆಯೇ ಇದೆ. ಚೀಲದಲ್ಲಿ ಉರುಳಿ ಬಂದ ಕಲ್ಲಿಗೆ ಮೇಲು ಯಾವುದು, ಕೆಳಗು ಯಾವುದು? ಅದು ತಿಳಿಯದೆ ಕಲ್ಲಿನಲ್ಲಿ ಹುದುಗಿದ ಕಾಂತೀಯ ಓರೆಯನ್ನು ಓದಲಾಗದು. ಓದದೆ ಬೆಟ್ಟ ಹುಟ್ಟಿದ ಅಕ್ಷಾಂಶ ಗೊತ್ತಾಗದು. ಬೆಟ್ಟವನ್ನು ನೇರ ಕೊರೆದು ತೆಗೆದ ಕಂಬಗಲ್ಲಿಗೆ ಈ ತೊಡಕಿಲ್ಲ. 2001ರಲ್ಲಿ ಭೂವಿಜ್ಞಾನಿ ಜಾನ್ ಟಾರ್ಡುನೊ ಮತ್ತಿತರರಿದ್ದ ಸಾಗರ ಕೊರೆತ ಯಾನ ಇದೇ ಸಾಲಿನ ಡೆಟ್ರಾಯಿಟ್, ನಿಂಟೊಕು, ಕೊಕೊ ಬೆಟ್ಟಗಳನ್ನು ಕೊರೆಯಿತು. ಡೆಟ್ರಾಯಿಟ್ ಹುಟ್ಟಿದ್ದು 30 ಡಿಗ್ರಿಗಿಂತ ಉತ್ತರದಲ್ಲಿ. ಇಂದಿನ ಹವಾಯಿ ಇರುವುದು ಸುಮಾರು 19 ಡಿಗ್ರಿಯಲ್ಲಿ. ಅಂದರೆ ಈ ಬೆಟ್ಟಗಳನ್ನೆಲ್ಲ ಹುಟ್ಟಿಸಿ ಈಗ ಹವಾಯಿಯ ಅಡಿಯಲ್ಲಿರುವ, ಕದಲದೆಂದು ಪಠ್ಯಗಳು ಕಲಿಸುತ್ತಿದ್ದ ಬಿಸಿಚುಕ್ಕೆಯೇ ದಕ್ಷಿಣಕ್ಕೆ ಸರಿದಿತ್ತು. ಬಲೆ ಎಷ್ಟು ಕಲ್ಲು ತಂದಿದ್ದರೂ ಈ ಮಾತು ಹೊರಡುತ್ತಿರಲಿಲ್ಲ.

ಕೊರೆತ ದುಬಾರಿ, ಅದೂ ಬೆರಳೆಣಿಕೆಯ ತೂತುಗಳು. ಹಾಗಾಗಿ ಬಲೆ ಇರಲಿ. ಆದರೆ ಅದು ತಂದ ಕಲ್ಲು ಆ ಬೆಟ್ಟದ್ದೇ ಎಂದು ಖಚಿತವಾದ ಮೇಲೂ, ಅದರ ವಯಸ್ಸನ್ನು ‘ಬೆಟ್ಟಕ್ಕೆ ಕನಿಷ್ಠ ಇಷ್ಟಾಗಿದೆ’ ಎಂದಷ್ಟೇ ಓದಿಕೊಳ್ಳಬೇಕು.