ತೋಟದ ಅಗರು, ಕಾಡಿನ ಅಗರು

ಅಗರ್‌ವುಡ್ ಬಗ್ಗೆ ಬರೆಯುವವರು ಬಹುಮಟ್ಟಿಗೆ ಒಂದೇ ತೀರ್ಮಾನಕ್ಕೆ ಬರುತ್ತಾರೆ: ತೋಟಗಳಲ್ಲಿ ಹೇರಳವಾಗಿ ಬೆಳೆದರೆ ಕಾಡಿನ ಮರ ತಾನಾಗಿ ಉಳಿಯುತ್ತದೆ. ನಾನಿದನ್ನು ಒಪ್ಪಲಾರೆ. ಈ ವಾದ ಮಾರುಕಟ್ಟೆಯನ್ನು ಬಲ್ಲದು, ಮರವನ್ನು ಬಲ್ಲದು ಎನ್ನಲಾಗದು.

ಅಗರು ಕೊಡುವ ಅಕ್ವಿಲೇರಿಯಾ ಮಲಕೆನ್ಸಿಸ್ ಮರ ಆರೋಗ್ಯವಾಗಿದ್ದರೆ ಅದರ ಕಟ್ಟಿಗೆ ಬಿಳಿಚು, ಹಗುರ, ಪರಿಮಳವಿಲ್ಲದ್ದು. ಕಾಂಡ ಕೊರೆಯುವ ಹುಳು ಮಾಡಿದ ಗಾಯಕ್ಕೆ ಶಿಲೀಂಧ್ರ ಹೊಕ್ಕಾಗ ಮರ ತನ್ನ ರಕ್ಷಣೆಗೆಂದು ತುಂಬಿಕೊಳ್ಳುವ ರಾಳವೇ ಅಗರು. ಎಲ್ಲ ಮರಗಳಲ್ಲೂ ಇದು ಆಗುವುದಿಲ್ಲ. ಆಗಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಖಚಿತವಾಗಿ ತಿಳಿಯುವುದೂ ಇಲ್ಲ. ಹಾಗಾಗಿ ಕೊಡಲಿ ಹಿಡಿದು ಕಾಡು ಹೊಕ್ಕವನು ರಾಳವಿಲ್ಲದ ಮರಗಳನ್ನೂ ಉರುಳಿಸುತ್ತಾನೆ. 2018ರಲ್ಲಿ ಐಯುಸಿಎನ್ ಈ ಮರವನ್ನು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಗುರುತಿಸಿದ್ದು ಸುಮ್ಮನೆ ಅಲ್ಲ.

ಎಳೆಯ ಮರಕ್ಕೆ ರಂಧ್ರ ಕೊರೆದು ಶಿಲೀಂಧ್ರ ಸೇರಿಸಿ ರಾಳ ಬರಿಸಬಹುದಲ್ಲ ಎಂಬ ಮರುವಾದವಿದೆ. ನಿಜ, ಎಣ್ಣೆಗೆ ಅದು ಸಾಕು. ಆದರೆ ದಶಕಗಳ ಕಾಲ ರಾಳಗಟ್ಟಿದ ಕಾಡುಮರದ ತುಂಡಿಗೆ ಇರುವ ಬೆಲೆಯೇ ಬೇರೆ, ಕೊಳ್ಳುವವರೂ ಬೇರೆ. ತೋಟದ ಎಣ್ಣೆ ಎಷ್ಟು ಹರಿದರೂ ಆ ಹಳೆಯ ಮರದ ಮೇಲಿನ ಕಣ್ಣು ತಪ್ಪುವುದಿಲ್ಲ. ಸೈಟಿಸ್ ಒಪ್ಪಂದದ ಎರಡನೇ ಅನುಬಂಧ 1995ರಿಂದ ಈ ಪ್ರಭೇದದ ವ್ಯಾಪಾರವನ್ನು ನಿಯಂತ್ರಿಸುತ್ತಿದೆ, ನಿಷೇಧಿಸಿಲ್ಲ. ಆದರೆ ಚೂರಾದ ಮೇಲೆ ತೋಟದ್ದು ಯಾವುದು, ಕಾಡಿನದು ಯಾವುದು ಎಂದು ನೋಡಿ ಹೇಳುವುದು ಕಷ್ಟ.

ಯಾರೂ ಎತ್ತದ ಮಾತೊಂದಿದೆ. ಈ ಮರದ ಬೀಜವನ್ನು ಒಣಗಿಸಿ ವರ್ಷಗಟ್ಟಲೆ ಕಾಪಿಡಲಾಗದು, ಕೆಲವೇ ದಿನಗಳಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ಬೀಜ ಬಿಡುವ, ನಿಂತಿರುವ ಮರವೇ ಈ ಪ್ರಭೇದದ ಬೀಜನಿಧಿ. ರಾಳ ಬರಿಸಿ ಬೇಗ ಕಡಿಯಲೆಂದೇ ನೆಟ್ಟ ತೋಟ ಆ ಕೆಲಸ ಮಾಡೀತೇ?

ಅಸ್ಸಾಮಿನ ಮನೆಯಂಗಳಗಳನ್ನು ಮುಂದಿಟ್ಟರೆ ಮಾತ್ರ ನಾನು ತಲೆಬಾಗುತ್ತೇನೆ. ಅಪ್ಪರ್ ಅಸ್ಸಾಮಿನಲ್ಲಿ ಸಾಂಚಿ ಎಂದು ಕರೆಯುವ ಇದೇ ಮರ ಅಡಿಕೆಯ ಜೊತೆ ಹಿತ್ತಲಲ್ಲೇ ಬೆಳೆದು ಬಂದಿದೆ. ಅದರ ತೊಗಟೆಯ ಹಾಳೆಗಳ ಮೇಲೆ ಅಲ್ಲಿಯ ವೈಷ್ಣವ ಗ್ರಂಥಗಳನ್ನು ಬರೆದರು. ಅಲ್ಲಿಯ ಹಳೆಯ ರಾಜ್ಯ ಕಾಮರೂಪದ ದೊರೆ ಭಾಸ್ಕರವರ್ಮ ಚಕ್ರವರ್ತಿ ಹರ್ಷನಿಗೆ ಕಳಿಸಿದ ಕಾಣಿಕೆಗಳಲ್ಲಿ ಅಗರು ತೊಗಟೆಯ ಪುಸ್ತಕಗಳಿದ್ದುದನ್ನು ಕವಿ ಬಾಣ ದಾಖಲಿಸಿದ್ದಾನೆ. ಗಾಯವಿಲ್ಲದ ಮರಕ್ಕೂ ಆ ನಾಡಿನಲ್ಲಿ ಬೆಲೆಯಿತ್ತು. ಇಂಥ ಹಿತ್ತಲಲ್ಲಿ ಬೇರೆ ಬೇರೆ ವಯಸ್ಸಿನ ಮರಗಳಿರುತ್ತವೆ, ಬೀಜ ಉದುರುತ್ತದೆ, ಹುಳು ತನ್ನ ಪಾಡಿಗೆ ಬರುತ್ತದೆ. ಇದನ್ನು ಏಕಬೆಳೆಯ ತೋಟಕ್ಕೆ ಸಮರ್ಥನೆಯಾಗಿ ಬಳಸುವುದು ಅನ್ಯಾಯ.

ಮಲೆನಾಡಿನ ಅಡಿಕೆ ತೋಟದಲ್ಲಿ ಅಗರು ನೆಟ್ಟ ರೈತರ ಮೇಲೆ ನನಗೆ ದೂರಿಲ್ಲ. ಅದು ಕೃಷಿ, ಅವರ ಹಕ್ಕು. ಆ ಸಸಿಗಳನ್ನು ಸಂರಕ್ಷಣೆಯ ಲೆಕ್ಕಕ್ಕೆ ಬರೆಯುವುದಕ್ಕೆ ನನ್ನ ತಕರಾರು. ಸಂರಕ್ಷಣೆಗೆಂದು ಎತ್ತಿಟ್ಟ ಹಣ ಮೊದಲು ಸೇರಬೇಕಾದದ್ದು ಈಶಾನ್ಯದ ಕಾಡಂಚಿನಲ್ಲಿ, ಹಿತ್ತಲಲ್ಲಿ ಬೀಜದ ಮರವನ್ನು ಕಡಿಯದೆ ನಿಲ್ಲಿಸಿಕೊಂಡವರಿಗೆ.